ಘಟಕದ ಹಿಂದಿನ ಪೈಪು

ನಮ್ಮ ಕಡೆ ನೀರಿನ ಗುಣ ಹೇಳುವುದು ಬೇಳೆ. ಹೊಸದಾಗಿ ಬೋರ್ ಹಾಕಿಸಿದವರನ್ನು "ನೀರು ಹೆಂಗ ಅದಾವ್ರಿ?" ಎಂದು ಕೇಳಿದರೆ "ಚಲೋ ಅದಾವ್ರಿ, ಬ್ಯಾಳಿ ಕುದೀತೈತಿ" ಅನ್ನುತ್ತಾರೆ. ಇಲ್ಲವೇ "ಸವಳು ಬಿದ್ದಾವ, ಬ್ಯಾಳಿ ಕುದಿಯಂಗಿಲ್ಲ, ಬಳಕೀಗಷ್ಟ" ಎಂದು ಮುಖ ಸಣ್ಣದು ಮಾಡುತ್ತಾರೆ. ಎರಡನೆಯ ಪರೀಕ್ಷೆ ಸಬಕಾರದ್ದು. ಎಷ್ಟು ತಿಕ್ಕಿದರೂ ನೊರೆ ಬಾರದಿದ್ದರೆ ಆ ನೀರು ದನಕ್ಕೆ, ಗಿಡಕ್ಕೆ. ರಾಯಚೂರು ಜಿಲ್ಲೆಯ ಮಸ್ಕಿ, ಲಿಂಗಸುಗೂರು ಕಡೆಯ ಹಳ್ಳಿಗಳಲ್ಲಿ ಇವತ್ತಿಗೂ ಇದೇ ಪ್ರಯೋಗಾಲಯ.

ಇದು ಸುಳ್ಳು ಪರೀಕ್ಷೆಯೇನಲ್ಲ. ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಹೆಚ್ಚಿದ್ದರೆ ಅವು ಬೇಳೆಯ ಕೋಶದ ಗೋಡೆಯಲ್ಲಿರುವ ಪೆಕ್ಟಿನ್‌ಗೆ ಅಂಟಿಕೊಂಡು ಅದನ್ನು ಬಿಗಿಮಾಡುತ್ತವೆ. ಎಷ್ಟು ಉರಿ ಹಾಕಿದರೂ ಬೇಳೆ ಕರಗುವುದಿಲ್ಲ. ಸಬಕಾರ ನೊರೆ ಕೊಡದಂತೆ ಮಾಡುವವೂ ಇವೇ ಎರಡು. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವನು. ಗಡಸು ನೀರಿನ ಪಾಠ ಬಂದಾಗ ಪುಸ್ತಕ ತೆರೆಯುವ ಮೊದಲೇ ಹುಡುಗಿಯರಿಗೆ ಅರ್ಧ ಪಾಠ ಬಂದಿರುತ್ತದೆ. ಒಲೆಯ ಮುಂದೆ ಕಲಿತದ್ದು.

ತೊಡಕಿರುವುದು ಬೇಳೆ ಹೇಳದೆ ಬಿಡುವ ಸಂಗತಿಯಲ್ಲಿ.

ನಮ್ಮ ಕಾಲಡಿಯಲ್ಲಿ ಇರುವುದು ಬಹುಪಾಲು ಗ್ರಾನೈಟು, ನೈಸ್ ಬಂಡೆ. ಅದರೊಳಗಿನ ಕೆಲವು ಖನಿಜಗಳಲ್ಲಿ ಫ್ಲೋರೈಡ್ ಇರುತ್ತದೆ. ನೀರು ಬಂಡೆಯ ಬಿರುಕಿನಲ್ಲಿ ವರ್ಷಗಟ್ಟಲೆ ನಿಂತಷ್ಟೂ ಅದನ್ನು ಕರಗಿಸಿಕೊಳ್ಳುತ್ತದೆ. ಬೋರ್ ಆಳಕ್ಕೆ ಇಳಿದಂತೆಲ್ಲ ನಾವು ಎತ್ತುವುದು ಇಂಥ ಹಳೆಯ ನೀರನ್ನೇ. ಇನ್ನೊಂದು ಮಾತಿದೆ. ನೀರಿನಲ್ಲಿ ಕ್ಯಾಲ್ಸಿಯಂ ಧಾರಾಳವಾಗಿದ್ದರೆ ಅದು ಫ್ಲೋರೈಡನ್ನು ಹಿಡಿದು ಕೆಳಗೆ ಕೂರಿಸುತ್ತದೆ. ಕ್ಯಾಲ್ಸಿಯಂ ಕಡಿಮೆಯಾಗಿ, ಸೋಡಿಯಂ ಬೈಕಾರ್ಬೊನೇಟ್ ಹೆಚ್ಚಾಗಿ, ನೀರು ಕ್ಷಾರದ ಕಡೆ ವಾಲಿದ್ದರೆ ಫ್ಲೋರೈಡ್ ನಿರಾತಂಕವಾಗಿ ಕರಗಿ ಕೂರುತ್ತದೆ. ಸೋಡಿಯಂ ಬೈಕಾರ್ಬೊನೇಟ್ ಅಂದರೆ ಅಡುಗೆ ಸೋಡಾ. ಬೇಳೆ ಬೇಗ ಬೇಯಲಿ ಎಂದು ಚಿಟಿಕೆ ಹಾಕುತ್ತೇವಲ್ಲ, ಅದೇ. ಅಂದಮೇಲೆ ಬೇಳೆ ಚೆನ್ನಾಗಿ ಕುದಿಯುವ ಬೋರ್‌ನಲ್ಲೇ ಫ್ಲೋರೈಡ್ ಹೆಚ್ಚಿರುವ ಸಂಭವ ಉಂಟು. ನಮ್ಮ ಅವ್ವಂದಿರು 'ಚಲೋ ನೀರು' ಎಂದು ಆರಿಸಿಕೊಂಡದ್ದು ಕೆಲವು ಕಡೆ ಅದನ್ನೇ.

ಮಕ್ಕಳಿಗೆ ಇದನ್ನು ಬಾಯಿಮಾತಿನಲ್ಲಿ ಹೇಳಿದರೆ ನಂಬುವುದಿಲ್ಲ, ನಂಬಬಾರದು ಕೂಡ. ಪಂಚಾಯಿತಿಗಳಿಗೆ ಕೊಟ್ಟಿರುವ ನೀರು ಪರೀಕ್ಷೆಯ ಕಿಟ್ ಒಂದನ್ನು ಎರವಲು ತಂದು, ಎಲ್ಲರೂ ಮನೆಯಿಂದ ಒಂದೊಂದು ಬಾಟಲಿ ನೀರು ತರಬೇಕೆಂದೆ. ನಮ್ಮ ಶಾಲೆಗೆ ಬರುವ ಮಕ್ಕಳು ತುಂಗಭದ್ರಾ ಎಡದಂಡೆ ಕಾಲುವೆಯ ಎರಡೂ ಬದಿಯವರು. ಮೇಲಿನ ಬದಿ ತೊಗರಿ, ಸಜ್ಜೆಯ ಒಣ ಹೊಲ, ಬೋರ್ ನೀರು. ಕೆಳಗಿನ ಬದಿ ಭತ್ತದ ಗದ್ದೆ, ಕಾಲುವೆಯಿಂದ ತುಂಬಿಸಿದ ಕೆರೆ ನೀರು. ಫ್ಲೋರೈಡ್ ನೋಡಲು ಹಾಕುವ ದ್ರಾವಣ ಗುಲಾಬಿ ಬಣ್ಣದ್ದು. ಫ್ಲೋರೈಡ್ ಏರಿದಂತೆ ಬಣ್ಣ ಹಳದಿಯ ಕಡೆ ತಿರುಗುತ್ತದೆ. ಕೆರೆ ನೀರು ಗುಲಾಬಿಯಾಗಿಯೇ ಉಳಿಯಿತು. ಹಳದಿಗೆ ತಿರುಗಿದ ಬಾಟಲಿಗಳಲ್ಲಿ ಒಂದು, "ನಮ್ಮ ಬೋರ್ ನೀರಾಗ ಬ್ಯಾಳಿ ಬೆಣ್ಣಿ ಆಗತೈತ್ರಿ ಸರ್" ಎಂದು ಹುಡುಗಿಯೊಬ್ಬಳು ಹೆಮ್ಮೆಯಿಂದ ತಂದದ್ದು.

ಭಾರತೀಯ ಮಾನಕ ಬ್ಯೂರೊದ (ಬಿಐಎಸ್) ಮಾನದಂಡದ ಪ್ರಕಾರ ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು. ಬೇರೆ ನೀರೇ ಇಲ್ಲದಿದ್ದರೆ 1.5ರ ತನಕ ಸಹಿಸಬಹುದು. ವಿಶ್ವ ಆರೋಗ್ಯ ಸಂಸ್ಥೆ ಹಾಕಿರುವ ಗೆರೆಯೂ 1.5. ಇದನ್ನು ದಾಟಿದ ನೀರು ಮೊದಲು ಹಲ್ಲಿನಲ್ಲಿ ಕಾಣುತ್ತದೆ. ಬಿಳಿ ಮಚ್ಚೆ, ಆಮೇಲೆ ಕಂದು ಗೆರೆ. ಹಲ್ಲು ವಸಡಿನೊಳಗೆ ಬೆಳೆಯುತ್ತಿರುವಾಗಲೇ, ಅಂದರೆ ಸುಮಾರು ಎಂಟು ವರ್ಷದೊಳಗೆ ಆಗುವ ಹಾನಿ ಇದು. ಆಮೇಲೆ ಎಷ್ಟು ಉಜ್ಜಿದರೂ ಹೋಗದು. ಇನ್ನೂ ಹೆಚ್ಚಿನ ಫ್ಲೋರೈಡನ್ನು ವರ್ಷಾನುಗಟ್ಟಲೆ ಕುಡಿದವರಿಗೆ ಬೆನ್ನು, ಮೊಣಕಾಲು ಬಿಗಿಯುತ್ತವೆ. ಹತ್ತನೇ ತರಗತಿಯ ಗ್ರೂಪ್ ಫೋಟೋದಲ್ಲಿ ಬಾಯಿ ಮುಚ್ಚಿಕೊಂಡು ನಗುವ ಮಕ್ಕಳು ನಮ್ಮಲ್ಲಿ ಪ್ರತಿ ವರ್ಷ ಇರುತ್ತಾರೆ. ಫೋಟೋಗ್ರಾಫರ್ "ನಗ್ರಿ, ನಗ್ರಿ" ಎಂದಷ್ಟೂ ಅವರ ತುಟಿ ಬಿಗಿಯುತ್ತದೆ.

ಕಾಯಿಸಿ ಕುಡಿದರಾಯಿತು ಎನ್ನುವವರಿಗೆ ಒಂದು ಮಾತು. ಕಾಯಿಸಿದರೆ ಕ್ರಿಮಿ ಸಾಯುತ್ತದೆ, ಫ್ಲೋರೈಡ್ ಸಾಯುವಂಥದ್ದಲ್ಲ. ನೀರು ಆವಿಯಾದಷ್ಟು ಅದು ಇನ್ನೂ ಗಟ್ಟಿಯಾಗುತ್ತದೆ. ಬ್ಲೀಚಿಂಗ್ ಪೌಡರ್‌ಗೂ ಅದು ಜಗ್ಗದು. ನಮ್ಮ ಜಿಲ್ಲೆಯ ಹಟ್ಟಿ ಗಣಿಯ ಚಿನ್ನದ ಅದಿರಿನ ಜತೆಗಾರನಾದ ಆರ್ಸೆನಿಕ್ ಎಂಬ ವಿಷ ಆ ಭಾಗದ ಕೆಲವು ಅಂತರ್ಜಲದಲ್ಲಿ ಸಿಕ್ಕಿದೆಯಲ್ಲ, ಅದರ ಕತೆಯೂ ಇದೇ. ಅದರ ಮಿತಿ ಲೀಟರಿಗೆ ಬರೀ 0.01 ಮಿಲಿಗ್ರಾಂ. ರುಚಿ, ವಾಸನೆ, ಬಣ್ಣ ಯಾವುದರಲ್ಲೂ ಅದು ಸಿಕ್ಕಿಬೀಳುವುದಿಲ್ಲ.

ಇಂಥ ನೀರಿಗೆ ಸರ್ಕಾರ ಕಂಡುಕೊಂಡ ದಾರಿ ಶುದ್ಧ ಕುಡಿಯುವ ನೀರಿನ ಘಟಕ. ಜನರ ಬಾಯಲ್ಲಿ ಅದು ಫಿಲ್ಟರ್. ಐದು ರೂಪಾಯಿ ಹಾಕಿದರೆ 20 ಲೀಟರ್ ಕ್ಯಾನ್ ತುಂಬುತ್ತದೆ. ಸಂಜೆ ಹೊತ್ತಿಗೆ ಟಿವಿಎಸ್ ಗಾಡಿಯ ಮುಂದೆ ಒಂದು, ಹಿಂದೆ ಒಂದು ಕ್ಯಾನ್ ಇಟ್ಟುಕೊಂಡ ಹುಡುಗರ ಸಾಲು. ನಾನು ಇದನ್ನು ಹಳಿಯಲು ಹೊರಟಿಲ್ಲ. ಫ್ಲೋರೈಡ್ ಇರುವ ಹಳ್ಳಿಯಲ್ಲಿ ಸರಿಯಾಗಿ ನಡೆಯುವ ಘಟಕ ಮಕ್ಕಳ ಹಲ್ಲು ಉಳಿಸುತ್ತದೆ, ಅದರಲ್ಲಿ ಎರಡು ಮಾತಿಲ್ಲ. ನನ್ನ ತಕರಾರು ಎರಡು ಸಂಗತಿಗಳದ್ದು. ಒಂದು, ಘಟಕದ ಮುಂದಿನ ನಳ ನೋಡಿದವರು ಹಿಂದಿನ ಪೈಪು ನೋಡುವುದಿಲ್ಲ. ಇನ್ನೊಂದು, ನೀರಿನಲ್ಲಿ ಏನಿದೆ ಎಂದು ಕೇಳದೆ ಎಲ್ಲ ಊರಿಗೂ ಇದೇ ಯಂತ್ರ ಬಂದು ಕೂತಿದೆ.

ಹಿಂದಿನ ಪೈಪಿನ ವಿಷಯ ಮೊದಲು. ಘಟಕದೊಳಗಿರುವುದು ಆರ್‌ಒ, ಅಂದರೆ ರಿವರ್ಸ್ ಆಸ್ಮೋಸಿಸ್ ಯಂತ್ರ. ನೀರಿನಲ್ಲಿ ಕರಗಿರುವ ಫ್ಲೋರೈಡ್‌ನಂಥವೂ ಅದರ ಲೆಕ್ಕದಲ್ಲಿ ಉಪ್ಪೇ. ಆರ್‌ಒ ಯಂತ್ರ ಉಪ್ಪನ್ನು ಮಾಯ ಮಾಡುವುದಿಲ್ಲ. ಒತ್ತಡ ಕೊಟ್ಟು ನೀರನ್ನು ಪೊರೆಯ ಆಚೆ ನೂಕುತ್ತದೆ, ಉಪ್ಪು ಈಚೆ ಉಳಿಯುತ್ತದೆ. ಉಳಿದದ್ದನ್ನು ಹೊರಗೆ ಹಾಕಲು ನೀರೇ ಬೇಕು. ಹೀಗೆ ಎತ್ತಿದ ನೀರಿನ ಅರ್ಧದಷ್ಟು, ಕೆಲವು ಕಡೆ ಅದಕ್ಕೂ ಹೆಚ್ಚು, ಹಿಂದಿನ ಪೈಪಿನಿಂದ ಚರಂಡಿ ಸೇರುತ್ತದೆ. ಅರ್ಧ ನೀರಿನಲ್ಲಿ ಪೂರ್ತಿ ಉಪ್ಪು ಹೋಗುತ್ತದೆಂದರೆ ಅದರ ಗಾಢತೆ ಹತ್ತಿರತ್ತಿರ ಇಮ್ಮಡಿ. ಬೋರ್‌ನಲ್ಲಿ ಫ್ಲೋರೈಡ್ 2 ಇದ್ದರೆ ಆ ಪೈಪಿನಲ್ಲಿ 4ರ ಸಮೀಪ. ಅದು ಚರಂಡಿಯಿಂದ ಹಳ್ಳಕ್ಕೆ, ಹಳ್ಳದಿಂದ ಇಂಗಿ ಮತ್ತೆ ನೆಲದೊಳಕ್ಕೆ. ಅದೇ ನೆಲಕ್ಕೆ ನಾಳೆ ಮತ್ತೆ ಮೋಟರ್ ಇಳಿಸುತ್ತೇವೆ.

ಘಟಕ ನೋಡಿಕೊಳ್ಳುವ ಹುಡುಗನಿಗೆ ಪೊರೆ ಯಾವಾಗ ಬದಲಿಸಿದ್ದು ಎಂದು ಕೇಳಿದೆ. "ನಾ ಬಂದ ಮ್ಯಾಗ ಇಲ್ರಿ ಸರ. ನೀರು ಬರತಾವಲ್ರಿ ಮತ್ತ" ಎಂದ. ಅವನ ತಪ್ಪಲ್ಲ. ನಾಣ್ಯ ಹಾಕಿದವರು ಕೇಳುವುದೂ ಅಷ್ಟೇ, ನೀರು ಬರುತ್ತವೆಯೋ ಇಲ್ಲವೋ. ಪೊರೆ ಹರಿದಿದ್ದರೂ ನೀರು ಬರುತ್ತದೆ, ಇನ್ನೂ ಜೋರಾಗಿಯೇ ಬರುತ್ತದೆ. ಆ ಹೊತ್ತಿಗೆ ಅದು ಕ್ಯಾನಿಗೆ ತುಂಬಿದ ಬೋರ್ ನೀರೇ ಸರಿ. ಬೀಗ ಬಿದ್ದ ಘಟಕಗಳ ಮಾತು ಬೇಡ. ಹಾಳು ಬಿದ್ದ ಆ ತಗಡಿನ ಗೂಡುಗಳು ನಮ್ಮ ಕಡೆ ಬಸ್ ಸ್ಟ್ಯಾಂಡಿನಷ್ಟೇ ಸಾಮಾನ್ಯ.

ಇನ್ನು ಕಾಲುವೆ ಬದಿಯ ಊರುಗಳು. ಸಿಂಧನೂರು, ಮಾನ್ವಿ, ಸಿರವಾರ ಕಡೆ ಬೇಸಿಗೆಗೆ ಮೊದಲು ತುಂಗಭದ್ರಾ ಎಡದಂಡೆ ಕಾಲುವೆಯಿಂದ ಕುಡಿಯುವ ನೀರಿನ ಕೆರೆಗಳನ್ನು ತುಂಬಿಸಿಕೊಳ್ಳುತ್ತಾರೆ. ಇದು ನದಿಯ ನೀರು, ಉಪ್ಪು ಕಡಿಮೆ. ಇದರ ಕಾಯಿಲೆ ಬೇರೆ: ಕೆಸರು, ಪಾಚಿ, ಕ್ರಿಮಿ. ಇದಕ್ಕೆ ಆರ್‌ಒ ಹಾಕುವುದೆಂದರೆ ಇಲ್ಲದ ಉಪ್ಪನ್ನು ತೆಗೆಯಲು ಅರ್ಧ ನೀರು ಚೆಲ್ಲಿದ ಹಾಗೆ. ಕೆರೆ ತಳ ಕಾಣುವ ಏಪ್ರಿಲ್‌ನಲ್ಲಿ ಆ ಪೈಪು ಹರಿಯುವುದನ್ನು ನೋಡಿದರೆ ಸಿಟ್ಟು ಬರುತ್ತದೆ.

ಈ ನೀರಿಗೆ ಬೇಕಾದ ಚಿಕಿತ್ಸೆ ಹಳೆಯದು, ಅಗ್ಗದ್ದು, ಆದರೆ ದಿನಾ ಕೈ ಬೇಡುವಂಥದ್ದು. ಮೊದಲು ಪಟಿಕ. ನೀರಿನಲ್ಲಿ ತೇಲುವ ಜೇಡಿಯ ಕಣಗಳಿಗೆ ಋಣ ವಿದ್ಯುದಂಶ ಇರುತ್ತದೆ, ಅದಕ್ಕೇ ಒಂದನ್ನೊಂದು ದೂಡುತ್ತ ಕೆಳಗೆ ಕೂರುವುದಿಲ್ಲ. ಪಟಿಕದ ಅಲ್ಯೂಮಿನಿಯಂ ಆ ವಿದ್ಯುದಂಶವನ್ನು ತೀರಿಸಿ ಕಣಗಳನ್ನು ಒಂದಕ್ಕೊಂದು ಅಂಟಿಸುತ್ತದೆ, ಗಂಟು ಭಾರವಾಗಿ ತಳ ಸೇರುತ್ತದೆ. ಒಣಗಿದ ನುಗ್ಗೆ ಬೀಜದ ಪುಡಿಯೂ ಇದೇ ಕೆಲಸ ಮಾಡುತ್ತದೆ, ಅದರಲ್ಲಿನ ಪ್ರೋಟೀನು ಕಾರಣ. ತರಗತಿಯಲ್ಲಿ ಕಾಲುವೆ ನೀರಿಗೆ ಹಾಕಿ ತೋರಿಸಿದರೆ ಮಕ್ಕಳಿಗೆ ಪಟಿಕಕ್ಕಿಂತ ಇದೇ ಇಷ್ಟ. ಆಮೇಲೆ ಮರಳು. ನಿಧಾನವಾಗಿ ಸೋಸುವ ಮರಳಿನ ಹಾಸಿನ ಮೇಲ್ಪದರದಲ್ಲಿ ಕೆಲವು ದಿನಗಳಲ್ಲಿ ಲೋಳೆಯಂಥ ಜೀವಪದರ ಬೆಳೆಯುತ್ತದೆ. ರೋಗದ ಕ್ರಿಮಿಗಳನ್ನು ಹಿಡಿದು ತಿನ್ನುವುದು ಆ ಪದರ. ಮರಳು ಗಲೀಜಾಗಿದೆ ಎಂದು ಪೂರ್ತಿ ಕೆರೆದು ತೊಳೆದರೆ ಆ ಪದರ ಮತ್ತೆ ಬೆಳೆಯುವ ತನಕ ನೀರು ಸೋಸಿಯೂ ಸೋಸದ ಹಾಗೆ.

ಕೊನೆಗೆ ಕ್ಲೋರಿನ್. ಹಾಕಿದ ಮೇಲೆ ಅರ್ಧ ತಾಸು ಕೆಲಸ ಮಾಡಲು ಬಿಡಬೇಕು, ಮನೆಯ ನಳದಲ್ಲಿ ಬರುವಾಗಲೂ ಲೀಟರಿಗೆ 0.2 ಮಿಲಿಗ್ರಾಂ ಉಳಿದಿರಬೇಕು. ಉಳಿಯಬೇಕು ಅನ್ನುವುದೇ ಮುಖ್ಯ, ಟ್ಯಾಂಕಿನಿಂದ ಮನೆತನಕದ ದಾರಿಯಲ್ಲಿ ಕಾವಲು ಅದೊಂದೇ. ಬ್ಲೀಚಿಂಗ್ ಪೌಡರ್ ಹೊಸದಿದ್ದಾಗ ಅದರ ತೂಕದ ಸುಮಾರು ಮೂರನೇ ಒಂದು ಭಾಗ ಕೆಲಸಕ್ಕೆ ಬರುವ ಕ್ಲೋರಿನ್. 50,000 ಲೀಟರ್ ಟ್ಯಾಂಕಿಗೆ ಲೀಟರಿಗೆ 2 ಮಿಲಿಗ್ರಾಂನಂತೆ ಹಾಕಬೇಕೆಂದರೆ 300 ಗ್ರಾಂ ಪುಡಿ. ಆದರೆ ಆ ಚೀಲ ಎಲ್ಲಿರುತ್ತದೆ? ಪಂಪ್‌ಹೌಸಿನ ತಗಡಿನ ಕೆಳಗೆ, ಬಾಯಿ ತೆರೆದುಕೊಂಡು, ರಾಯಚೂರಿನ ಮೇ ತಿಂಗಳ ಬಿಸಿಲಲ್ಲಿ. ಕಾವಿಗೆ, ತೇವಕ್ಕೆ ಅದರ ಶಕ್ತಿ ಇಳಿಯುತ್ತ ಹೋಗುತ್ತದೆ. ಅರ್ಧಕ್ಕಿಳಿದ ಪುಡಿಯನ್ನು ಅದೇ 300 ಗ್ರಾಂ ಹಾಕಿದರೆ ನೀರಿಗೆ ಸಿಕ್ಕುವುದು ಅರ್ಧ ಮದ್ದು. ಇನ್ನು ಕೆಸರು ಕೂರಿಸದ ನೀರಿಗೆ ಹಾಕಿದರೆ ಅದಷ್ಟೂ ಕೆಸರಿಗೇ ಖರ್ಚು. ಸರಿಯಾಗಿ ಹಾಕಿದ ದಿನ "ನೀರು ಔಷಧ ವಾಸನಿ ಬರತಾವ, ಏನ್ ಹಾಕೀಯೋ ಮಾರಾಯಾ" ಎಂದು ಊರೆಲ್ಲ ವಾಟರ್‌ಮ್ಯಾನ್ ಮೇಲೆ ಬೀಳುತ್ತದೆ. ಮರುದಿನ ಅವನು ಹಾಕುವುದಿಲ್ಲ. ಬೈಸಿಕೊಳ್ಳಲು ಅವನಿಗೆ ಸಿಗುವ ಸಂಬಳ ಸಾಲದು.

2022ರ ಬೇಸಿಗೆಯ ಕೊನೆಗೆ ರಾಯಚೂರು ನಗರದಲ್ಲಿ ಕಲುಷಿತ ನಳದ ನೀರು ಕುಡಿದು ಬಹಳ ಜನ ಆಸ್ಪತ್ರೆ ಸೇರಿದರು, ಹಲವರು ತೀರಿಕೊಂಡರು. ಮರುವರ್ಷ ಕೊಪ್ಪಳ ಜಿಲ್ಲೆ ಕನಕಗಿರಿ ತಾಲ್ಲೂಕಿನ ಬಸರಿಹಾಳದಲ್ಲಿ ವಾಂತಿ ಭೇದಿಯಿಂದ ಸಾವುಗಳಾದವು. ಇಂಥ ಸುದ್ದಿ ಬಂದಾಗಲೆಲ್ಲ ಜನ ಇನ್ನೊಂದು ಫಿಲ್ಟರ್ ಘಟಕ ಕೇಳುತ್ತಾರೆ. ಚರಂಡಿಯೊಳಗೇ ಹಾದುಹೋಗುವ ನೀರಿನ ಪೈಪನ್ನು ಮೇಲೆತ್ತಿ ಎಂದು ಕೇಳುವವರು ಕಡಿಮೆ. ನಮ್ಮಲ್ಲಿ ನಳದ ನೀರು ಎರಡು ದಿನಕ್ಕೊಮ್ಮೆ, ನಾಲ್ಕು ದಿನಕ್ಕೊಮ್ಮೆ ಬರುತ್ತದೆ. ನೀರು ನಿಂತ ಹೊತ್ತಿನಲ್ಲಿ ಪೈಪಿನೊಳಗಿನ ಒತ್ತಡ ಇಳಿದು, ಎಲ್ಲಿ ಬಿರುಕಿದೆಯೋ ಅಲ್ಲಿಂದ ಹೊರಗಿನ ಕೊಳೆ ಒಳಕ್ಕೆ ಎಳೆದುಕೊಳ್ಳುತ್ತದೆ. ಮುಂದಿನ ಸಲ ನೀರು ಬಿಟ್ಟಾಗ ಮೊದಲ ಕೊಡಕ್ಕೆ ಬರುವುದು ಅದು. ನಳಕ್ಕೇ ಮೋಟರ್ ಹಚ್ಚಿ ಎಳೆಯುವ ಮನೆಗಳು ಈ ಎಳೆತವನ್ನು ಇನ್ನೂ ಹೆಚ್ಚಿಸುತ್ತವೆ. ನಮ್ಮ ಓಣಿಯಲ್ಲೂ ಇವೆ, ಹೆಸರು ಹೇಳಿದರೆ ಜಗಳ.

ಕ್ರಿಮಿ ಪರೀಕ್ಷೆಗೆ ಕಿಟ್‌ನಲ್ಲಿ ಸಣ್ಣ ಸೀಸೆ ಇರುತ್ತದೆ. ನೀರು ತುಂಬಿ ಒಂದೆರಡು ದಿನ ಇಟ್ಟರೆ ಕೊಳೆ ಇರುವ ನೀರು ಕಪ್ಪಾಗುತ್ತದೆ. ಮಕ್ಕಳು ತಂದ ಬಾಟಲಿಗಳಲ್ಲಿ ಕಪ್ಪಾದವುಗಳ ಪೈಕಿ ಫಿಲ್ಟರ್ ನೀರಿನದೂ ಇತ್ತು. ಘಟಕದ್ದೇ ದೋಷವೋ, ಒಳಗೆ ಕೈ ಹಾಕಿ ತೊಳೆಯಲಾಗದ ಕ್ಯಾನಿನದೋ ಹೇಳಲು ಬರುವುದಿಲ್ಲ. ಆದರೆ ಆರ್‌ಒ ನೀರಿನಲ್ಲಿ ಕ್ಲೋರಿನ್ ಉಳಿದಿರುವುದಿಲ್ಲ. ಹೊಲಸು ಕ್ಯಾನಿಗೆ ತುಂಬಿದರೆ ಅದನ್ನು ಕಾಯುವವರಿಲ್ಲ.

ಇಷ್ಟೆಲ್ಲ ಗುದ್ದಾಟ ಕುಡಿಯುವ ನೀರಿಗೆ. ಅದು ಎಷ್ಟು ಬೇಕು ಎಂದು ಒಮ್ಮೆ ಕರಿಹಲಗೆಯ ಮೇಲೆ ಲೆಕ್ಕ ಹಾಕಿದೆವು. ಜಲಜೀವನ್ ಮಿಷನ್ ಹಳ್ಳಿಯವರಿಗೆ ತಲೆಗೆ ದಿನಕ್ಕೆ 55 ಲೀಟರ್ ಎನ್ನುತ್ತದೆ. 2011ರ ಜನಗಣತಿಯಂತೆ ರಾಯಚೂರು ಜಿಲ್ಲೆಯ ಜನ ಸುಮಾರು 19 ಲಕ್ಷ. ಒಂದು ಟಿಎಂಸಿ ಅಂದರೆ 2,831 ಕೋಟಿ ಲೀಟರ್. ಗುಣಿಸಿ ಭಾಗಿಸಿದರೆ ಇಡೀ ಜಿಲ್ಲೆಗೆ ವರ್ಷಕ್ಕೆ ಒಂದೂವರೆ ಟಿಎಂಸಿಯೂ ಬೇಡ. 1953ರಲ್ಲಿ ಮುಗಿದ ತುಂಗಭದ್ರಾ ಜಲಾಶಯದಲ್ಲಿ ಆಗ ನಿಲ್ಲುತ್ತಿದ್ದುದು ಸುಮಾರು 133 ಟಿಎಂಸಿ. ಹೂಳು ತುಂಬಿ ಈಗ ಸುಮಾರು 105. ಅಂದರೆ ಹೂಳು ನುಂಗಿದ ಜಾಗವೇ ನಮ್ಮ ಜಿಲ್ಲೆಯ ಹಲವು ವರ್ಷಗಳ ಕುಡಿಯುವ ನೀರು. 2024ರ ಆಗಸ್ಟ್ 10ರ ರಾತ್ರಿ ಅಣೆಕಟ್ಟಿನ 19ನೇ ಗೇಟು ಚೈನ್ ಕಡಿದು ಕೊಚ್ಚಿಹೋದಾಗ ನಾಲ್ಕು ಜಿಲ್ಲೆ ಉಸಿರು ಹಿಡಿದು ಕೂತಿತ್ತು. ತಾತ್ಕಾಲಿಕ ಗೇಟು ಕೂರಿಸುವ ತನಕ ಟಿಎಂಸಿಗಟ್ಟಲೆ ನೀರು ಹೊಳೆಗೆ ಹೋಯಿತು. ಎಪ್ಪತ್ತು ವರ್ಷದ ಚೈನು.

ಎರಡು ಹೊಳೆಗಳ ನಡುವಿನ ನಾಡು ನಮ್ಮದು, ಮೇಲೆ ಕೃಷ್ಣೆ, ಕೆಳಗೆ ತುಂಗಭದ್ರೆ. ನೀರಿನ ಬಹುಪಾಲು ಹೋಗುವುದು ಭತ್ತಕ್ಕೆ. ಎಡದಂಡೆ ಕಾಲುವೆ ಮಾಡುವಾಗ ಬಹುಪಾಲು ಜಮೀನಿಗೆ ಗುರುತಿಸಿದ್ದು ಕಡಿಮೆ ನೀರಿನ ಬೆಳೆಗಳನ್ನು: ಜೋಳ, ಶೇಂಗಾ, ಹತ್ತಿಯಂಥವು. ಕಾಲುವೆಯ ಮೇಲ್ಭಾಗದಲ್ಲಿ ಭತ್ತ ಹಬ್ಬಿತು, ಕೊನೆ ಭಾಗದವರು ನೀರಿಗಾಗಿ ರಸ್ತೆ ತಡೆ ಮಾಡುವುದು ವರ್ಷದ ವಾಡಿಕೆಯಾಯಿತು, ನೀರು ನಿಂತ ಕೆಳಗಿನ ಹೊಲಗಳು ಸವಳಾದವು. ಒಂದು ಕಿಲೋ ಅಕ್ಕಿಗೆ ಎರಡೂವರೆಯಿಂದ ಮೂರು ಸಾವಿರ ಲೀಟರ್ ನೀರು ಎನ್ನುವುದು ಸಾಮಾನ್ಯವಾಗಿ ಹೇಳುವ ಲೆಕ್ಕ. ಐದು ಜನರ ಮನೆಗೆ ಕುಡಿಯಲು, ಅಡುಗೆಗೆ ದಿನಕ್ಕೆ 25 ಲೀಟರ್ ಎಂದುಕೊಂಡರೂ ವರ್ಷಕ್ಕೆ 9,000 ಲೀಟರ್ ಚಿಲ್ಲರೆ. ಮೂರು-ನಾಲ್ಕು ಕಿಲೋ ಅಕ್ಕಿಯ ನೀರು! ಹಲಗೆಯ ಮೇಲೆ ಇದು ಬಂದಾಗ ಹಿಂದಿನ ಬೆಂಚಿನವನೊಬ್ಬ, ಅವರಪ್ಪ ಭತ್ತದ ರೈತ, "ಹಂಗಾರ ನೆಲ್ಲು ಬೆಳೀಬಾರದೇನ್ರಿ ಸರ?" ಎಂದ. ಬೆಳೀಬಾರದು ಎಂದು ಸಂಬಳದವನು ಹೇಳುವುದು ಸುಲಭ. ಭತ್ತಕ್ಕೆ ಮಾರುಕಟ್ಟೆ ಇದೆ, ಮಿಲ್ಲು ಇದೆ, ಹೊಲದಲ್ಲಿ ಮಳೆ ನೀರು ನಿಂತರೂ ಬದುಕುವ ಬೆಳೆ. ಜೋಳಕ್ಕೆ ಅಷ್ಟೇ ನಂಬಿಕೆಯ ಬೆಲೆ ಕೊಟ್ಟು ಆಮೇಲೆ ಕೇಳಬೇಕಾದ ಮಾತು ಅದು.

ಮಳೆ ನೀರಿನ ಮಾತು ಬಿಟ್ಟರೆ ಈ ಬರಹ ಅರ್ಧವಾದೀತು. ನಮ್ಮವ್ವ ಮಘಿ ಮಳೆಯ ನೀರನ್ನು ಹಿಡಿದು ಹರವಿಯಲ್ಲಿ ಕಟ್ಟಿಡುತ್ತಿದ್ದಳು, ಹುಳ ಬೀಳುವುದಿಲ್ಲ ಎಂದು. ಆಗಸ್ಟ್ ಕೊನೆಯ ಮಳೆ ಅದು. ಅಷ್ಟೊತ್ತಿಗೆ ಮೂರು ತಿಂಗಳ ಮಳೆಗೆ ಮಾಳಿಗೆಯೂ ಗಾಳಿಯೂ ತೊಳೆದಿರುತ್ತವೆ. ಮೋಡದಿಂದ ಬೀಳುವ ನೀರಿಗೆ ಬಂಡೆಯ ಸಹವಾಸ ಇಲ್ಲ, ಹಾಗಾಗಿ ಫ್ಲೋರೈಡಿನ ಭಯವಿಲ್ಲ. ಒಂದು ಚದರ ಮೀಟರ್ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್. ನಮ್ಮ ವರ್ಷದ ಮಳೆಯನ್ನು 600 ಮಿಲಿಮೀಟರ್ ಎಂದು ಹಿಡಿದರೂ 30 ಚದರ ಮೀಟರಿನ ಸಣ್ಣ ಮಾಳಿಗೆಯ ಮೇಲೆ ಬೀಳುವುದು 18,000 ಲೀಟರ್. ಸೋರಿದ್ದು, ಚೆಲ್ಲಿದ್ದು ಕಳೆದರೂ 14,000 ಉಳಿದೀತು. ಬೇಕಾದದ್ದು 9,000. ಮಳೆ ಇಲ್ಲದ ಎಂಟು ತಿಂಗಳಿಗೆ 6,000 ಲೀಟರಿನ, ಬೆಳಕು ಸೇರದ ಮುಚ್ಚಿದ ತೊಟ್ಟಿ. ಮೊದಲ ಮಳೆಗಳನ್ನು ಹೊರಗೆ ಬಿಟ್ಟು, ಮರಳು ಇದ್ದಿಲಿನಲ್ಲಿ ಸೋಸಿ, ಕುಡಿಯುವ ಮುಂಚೆ ಕಾಯಿಸಬೇಕು ಅಥವಾ ಕ್ಲೋರಿನ್ ಹಾಕಬೇಕು. ತೊಟ್ಟಿಯ ಖರ್ಚು ಎಲ್ಲರ ಕೈಗೂ ಎಟುಕುವಂಥದ್ದಲ್ಲ, ಒಪ್ಪುತ್ತೇನೆ. ಶಕ್ತಿನಗರದ ವಿದ್ಯುತ್ ಸ್ಥಾವರದ ಸುತ್ತ ಹಾರುಬೂದಿ, ಕೊಪ್ಪಳದ ಗಿಣಿಗೇರಿ ಸುತ್ತ ಕಾರ್ಖಾನೆಯ ಕಪ್ಪು ಧೂಳು ಮಾಳಿಗೆ ಮೇಲೆ ಕೂರುವ ಊರುಗಳಲ್ಲಂತೂ ಮಳೆ ನೀರನ್ನೂ ಪರೀಕ್ಷೆ ಮಾಡದೆ ಕುಡಿಯಿರಿ ಎನ್ನಲಾರೆ.

ಕಳೆದ ಗ್ರಾಮಸಭೆಗೆ ಮಕ್ಕಳೂ ನಾವೂ ಸೇರಿ ಒಂದು ಅರ್ಜಿ ಕೊಟ್ಟೆವು. ಘಟಕದ ಗೋಡೆಯ ಮೇಲೆ ಪೊರೆ ಬದಲಿಸಿದ ದಿನಾಂಕ, ಕೊನೆಯ ಪರೀಕ್ಷೆಯ ಫ್ಲೋರೈಡ್ ಅಂಕಿ ಬರೆಸಬೇಕು. ಬ್ಲೀಚಿಂಗ್ ಪೌಡರಿಗೆ ಮುಚ್ಚಳವಿರುವ ಡ್ರಮ್ಮು, ತಂಪಾದ ಜಾಗ ಬೇಕು. ಹಿಂದಿನ ಪೈಪನ್ನು ಚರಂಡಿಯಿಂದ ಎತ್ತಿ ಶಾಲೆಯ ಶೌಚಾಲಯದ ಟ್ಯಾಂಕಿಗೆ ಜೋಡಿಸಬೇಕು, ಉಳಿದದ್ದಕ್ಕೆ ಒಂದು ನಳ ಇಟ್ಟರೆ ಗಾಡಿ ತೊಳೆಯುವವರಿಗಾಗುತ್ತದೆ. ಮೆಂಬರೊಬ್ಬರು ಓದಿ "ಇದೇನ್ ದೊಡ್ಡ ಮಾತಲ್ರಿ ಸರ, ಮಾಡೋಣಂತ" ಎಂದರು. ಪೈಪಿನ ಅಳತೆಯನ್ನೂ ತೆಗೆದುಕೊಂಡು ಹೋಗಿದ್ದಾರೆ. ಒಂದು ಸಾಲು ಮಾತ್ರ ಆಮೇಲೆ ಹೊಳೆದು ಕೈಬರಹದಲ್ಲಿ ಸೇರಿಸಿದೆವು: ಆ ನಳದ ಮೇಲೆ ದೊಡ್ಡ ಅಕ್ಷರದಲ್ಲಿ 'ಕುಡಿಯಲು ಅಲ್ಲ, ದನಕ್ಕೂ ಕುಡಿಸಬೇಡಿ' ಎಂದು ಬರೆಸಬೇಕು. ಫ್ಲೋರೈಡ್ ಎಮ್ಮೆಯ ಹಲ್ಲನ್ನೂ ಬಿಡುವುದಿಲ್ಲ.